ಎಚ್‌ಎಂಪಿವಿ: ವೈರಸ್ ಹಳೆಯದು, ಭಯ ಹೊಸದು

ಮಾನ್ಯರೇ,

2025ರ ಜನವರಿ 6ರಂದು ಬೆಂಗಳೂರಿನ ಎರಡು ಕೂಸುಗಳಿಗೆ ಎಚ್‌ಎಂಪಿವಿ (ಶೀತ, ಕೆಮ್ಮು ತರುವ ಹ್ಯೂಮನ್ ಮೆಟಾನ್ಯುಮೋವೈರಸ್) ಇದೆ ಅಂತ ಸುದ್ದಿ ಬಂದದ್ದೇ ತಡ, ಸಂಜೆಯೊಳಗೆ ನಮ್ಮ ಬೀದಿಯ ಮೆಡಿಕಲ್ ಸ್ಟೋರ್‌ನಲ್ಲಿ ಮಾಸ್ಕ್ ಖಾಲಿ. ಅವತ್ತು ಸೆನ್ಸೆಕ್ಸ್ 1,200 ಅಂಕಕ್ಕಿಂತ ಜಾಸ್ತಿ ಬಿತ್ತು, ಅದಕ್ಕೂ ಈ ವೈರಸ್ಸೇ ಒಂದು ಕಾರಣ ಅಂದರು. ಟೀವಿಯಲ್ಲಂತೂ ‘ದೇಶಕ್ಕೆ ಕಾಲಿಟ್ಟ ಹೊಸ ವೈರಸ್’ ಅಂತ ಕೆಂಪು ಅಕ್ಷರ.

ಹೊಸದು ಎಲ್ಲಿಂದ ಬಂತು ಸ್ವಾಮಿ? ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದ್ದೇ 2001ರಲ್ಲಿ. ಅಷ್ಟೇ ಅಲ್ಲ, 1958ರಲ್ಲಿ ತೆಗೆದಿಟ್ಟಿದ್ದ ರಕ್ತದ ಮಾದರಿಗಳಲ್ಲೂ ಇದು ಬಂದು ಹೋದ ಗುರುತು ಅವರಿಗೆ ಸಿಕ್ಕಿತ್ತು. ಐದು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ತಗುಲಿರುತ್ತದೆ. ನನಗೂ ನಿಮಗೂ ಬಂದಿರುತ್ತದೆ, ಶೀತ ಅಂದುಕೊಂಡು ಮೆಣಸಿನ ಸಾರು ಕುಡಿದು ಮಲಗಿರುತ್ತೇವೆ ಅಷ್ಟೇ. ಆ ಎರಡು ಕೂಸುಗಳು ವಿದೇಶಕ್ಕೆ ಹೋಗಿ ಬಂದವೂ ಅಲ್ಲ. ವೈರಸ್ ಮೊದಲಿಂದ ಇಲ್ಲೇ ಇತ್ತು, ಟೆಸ್ಟ್ ಮಾಡಿದ್ದಕ್ಕೆ ಹೆಸರು ಗೊತ್ತಾಯಿತು.

ಲಸಿಕೆ ಇಲ್ಲ ಅನ್ನುವುದು ನಿಜ. ಆದರೆ ಅದನ್ನೇ ಹಿಡಿದುಕೊಂಡು ‘ಮತ್ತೆ ಲಾಕ್‌ಡೌನ್’ ಅಂತ ವಾಟ್ಸಾಪ್‌ನಲ್ಲಿ ಹಂಚುವವರಿಗೆ ಏನನ್ನಬೇಕು? ಕೋವಿಡ್ ಬಂದಾಗ ಯಾರ ಮೈಗೂ ಆ ವೈರಸ್ಸಿನ ಪರಿಚಯ ಇರಲಿಲ್ಲ, ಇದು ಹಾಗಲ್ಲ, ವೈರಸ್ಸಿನ ಕುಟುಂಬವೇ ಬೇರೆ. ಇನ್ನು ಆಂಟಿಬಯಾಟಿಕ್ ಹುಚ್ಚು. ವೈರಸ್ಸಿಗೆ ಅದು ಕೆಲಸ ಮಾಡುವುದಿಲ್ಲ ಅಂತ ಎಷ್ಟು ಸಲ ಹೇಳಿದರೂ, ಡಾಕ್ಟರ ಚೀಟಿ ಇಲ್ಲದೆ ಮಗುವಿಗೆ ಅದನ್ನು ತಂದು ಕುಡಿಸುವವರನ್ನು ಮೊನ್ನೆಯೂ ನೋಡಿದೆ.

ಹಾಗಂತ ‘ಬರೀ ನೆಗಡಿ’ ಅಂತ ಸುಮ್ನೆ ಕೂರುವುದೂ ತಪ್ಪು. ಪುಟ್ಟ ಕೂಸುಗಳಿಗೆ, ವಯಸ್ಸಾದವರಿಗೆ, ಉಬ್ಬಸ ಇರುವವರಿಗೆ ಇದು ನ್ಯುಮೋನಿಯಾಕ್ಕೆ ತಿರುಗಬಹುದು. ಮಗು ಹಾಲು ಕುಡಿಯುತ್ತಿಲ್ಲ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದೆ, ತುಟಿ ನೀಲಿಯಾಗಿದೆ ಅಂದರೆ ಕಷಾಯ ಕಾಯಿಸುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ನಿಮ್ಮ ಮುಖಪುಟದಲ್ಲಿ ಕೇಸ್ ಎಣಿಕೆ ಹಾಕುವ ಜಾಗದಲ್ಲಿ ಈ ಮೂರು ಸಾಲು ಹಾಕಿ, ಪುಣ್ಯ ಬರುತ್ತದೆ. ಸೋಪು ಹಾಕಿ ಕೈ ತೊಳೆಯಿರಿ, ಕೆಮ್ಮುವಾಗ ಬಾಯಿಗೆ ಅಡ್ಡ ಹಿಡಿಯಿರಿ ಅನ್ನುವುದನ್ನೂ ಸೇರಿಸಿ. ಹಳೇ ಮಾತೇ, ಆದರೆ ಮರೆತಿದ್ದೇವೆ ಅಲ್ವಾ?

ಈ ಪತ್ರ ಬರೆಯಲು ಕಾರಣ ಬೇರೆಯೇ ಇದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸ ಮಾಡುವ ಹೆಣ್ಣುಮಗಳು ಕಳೆದ ವಾರ ‘ಮಗುವಿಗೆ ಕೆಮ್ಮು, ಅದಕ್ಕೇ ತಡವಾಯಿತು’ ಅಂದಳು. ಅಷ್ಟಕ್ಕೇ ಗೇಟಿನಲ್ಲೇ ತಡೆದು ವಾಪಸ್ ಕಳಿಸಿದರು. ಟೆಸ್ಟ್ ರಿಪೋರ್ಟ್ ತಂದರೆ ಮಾತ್ರ ಒಳಗೆ ಅಂತೆ. ಅದೇ ಹೊತ್ತಿಗೆ ಒಳಗೆ ಮೂರು ಮನೆಯ ಮಕ್ಕಳು ಮೂಗು ಸೋರಿಸಿಕೊಂಡೇ ಪಾರ್ಕಿಂಗ್‌ನಲ್ಲಿ ಕ್ರಿಕೆಟ್ ಆಡುತ್ತಿದ್ದವು. ಅವರನ್ನು ಯಾರೂ ರಿಪೋರ್ಟ್ ಕೇಳಲಿಲ್ಲ. ಆಕೆಯ ಮಗು ಈಗ ಆರಾಮಾಗಿ ಅಂಗನವಾಡಿಗೆ ಹೋಗುತ್ತಿದೆಯಂತೆ. ಆಕೆಗೆ ಮಾತ್ರ ಇನ್ನೂ ಗೇಟು ತೆರೆದಿಲ್ಲ.

— ಒಬ್ಬ ಓದುಗ, ಬೆಂಗಳೂರು