ತಮ್ಮನಿಗೆ ಕಾಗದ: ಎದೆ ಬಡಿತ, ಭಯ ಮತ್ತು ಆಪ್ತಸಮಾಲೋಚನೆ

ಲೀಡ್ಸ್, ಇಂಗ್ಲೆಂಡ್
ಸೆಪ್ಟೆಂಬರ್ 2025

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ನಾವಿಲ್ಲಿ ಎಲ್ಲರೂ ಕ್ಷೇಮ.

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ರಿಪೋರ್ಟುಗಳನ್ನೆಲ್ಲ ಕೂತು ನೋಡಿದೆ. ಇಸಿಜಿ, ಎಕೋ, ಟ್ರೆಡ್‌ಮಿಲ್, ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಒಂದರಲ್ಲೂ ತೊಂದರೆ ಇಲ್ಲ. ಆದರೂ ರಾತ್ರಿ ಎದೆ ಡವಗುಟ್ಟುತ್ತದೆ, ಬೆರಳು ಜುಮ್ಮೆನ್ನುತ್ತವೆ, ಉಸಿರು ಸಾಲದ ಹಾಗಾಗುತ್ತದೆ ಅಂತೀಯ. ಮೊನ್ನೆ ಫೋನಿನಲ್ಲಿ ಅಮ್ಮ, "ಇವನಿಗೆ ಏನೂ ಆಗಿಲ್ಲ, ಸುಮ್ನೆ ಯೋಚ್ನೆ ಮಾಡ್ಕೊಂಡು ಕೂತ್ಕೋತಾನೆ" ಅಂದರು. ಅಪ್ಪ ಫೋನು ಇಸಕೊಂಡು, "ಬೆಂಗಳೂರಲ್ಲಿ ಇನ್ನೊಂದ್ ಕಡೆ ತೋರ್ಸೋಣ ಅಂತಿದೀನಿ" ಅಂದರು. ಇಬ್ಬರ ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಫೋನಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳುವುದಕ್ಕಾಗುವುದಿಲ್ಲ, ಅದಕ್ಕೇ ಈ ಉದ್ದದ ಕಾಗದ. ನೀನು ಓದಿಕೊಂಡ ಮೇಲೆ ಮನೆಯವರಿಗೆಲ್ಲ ಓದಿ ಹೇಳು. ಕೆಲವು ಮಾತು ಅವರಿಗೇ ಇವೆ.

ನಿನ್ನ ಹೃದಯ ಚೆನ್ನಾಗಿದೆ. ಆದರೆ ನಿನಗೆ ಏನೋ ಆಗಿರುವುದೂ ನಿಜ. ಅದು ಆತಂಕದ ಕಾಯಿಲೆ. ನಿನಗೆ ರಾತ್ರಿ ಬರುವುದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತಾರೆ. ಇದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. ಇನ್ನೊಂದು ಇಸಿಜಿಯಿಂದ ಮಾತ್ರ ವಾಸಿಯಾಗುವುದಿಲ್ಲ.

ಇದು ನಿನಗೆ ಎಲ್ಲಿಂದ ಬಂತು ಅನ್ನುವುದು ನನಗೆ ಗೊತ್ತು, ನಿನಗೂ ಗೊತ್ತು. ಜೂನ್, ಜುಲೈನಲ್ಲಿ ಟಿವಿ ಹಾಕಿದರೆ ನಮ್ಮ ಹಾಸನ ಜಿಲ್ಲೆಯದೇ ಸುದ್ದಿ. ಇವತ್ತು ಇಂಥ ಊರಲ್ಲಿ ಒಬ್ಬ, ನಾಳೆ ಇನ್ನೊಂದು ಊರಲ್ಲಿ ಇನ್ನೊಬ್ಬ, ಎಲ್ಲ ಚಿಕ್ಕ ವಯಸ್ಸಿನವರು, ಎಲ್ಲ ಹೃದಯಾಘಾತ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತಿದ್ದನ್ನು ನಾನಿಲ್ಲಿ ಫೋನಿನಲ್ಲಿ ನೋಡಿದೆ. 2021ರ ಅಕ್ಟೋಬರ್ 29ರಂದು ಪುನೀತ್ 46ನೇ ವಯಸ್ಸಿಗೇ ಹೋದಾಗಲೂ ಹೀಗೇ ಆಗಿತ್ತಲ್ಲ. ಜಿಮ್‌ಗೆ ಹೋಗುತ್ತಿದ್ದವರೆಲ್ಲ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದ್ದರು. ಹಾಸನದ ಸಾವುಗಳ ಬಗ್ಗೆ ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು, ವರದಿಯೂ ಬಂತು. ಸಾವುಗಳು ದಿಢೀರನೆ ಏರಿದ್ದಕ್ಕೆ ಆಧಾರವಿಲ್ಲ, ಬಿಪಿ, ಸಕ್ಕರೆ, ಬೊಜ್ಜು, ಬೀಡಿ ಸಿಗರೇಟಿನಂಥ ಗೊತ್ತಿರುವ ಕಾರಣಗಳೇ ಮುಖ್ಯ ಅಂತ ಅದರಲ್ಲಿತ್ತು. ಸಾವಿನ ಸುದ್ದಿ ಮನೆಮನೆ ಮುಟ್ಟಿದಷ್ಟು ಈ ವರದಿ ಮುಟ್ಟಲಿಲ್ಲ. ನಿನ್ನ ಜೊತೆ ಓದಿದವನೇ ಒಬ್ಬ ಅದೇ ದಿನಗಳಲ್ಲಿ ಹೋದ. ಅವತ್ತಿನಿಂದ ನಿನ್ನ ಕೈ ನಾಡಿಯ ಮೇಲಿಂದ ಏಳಲೇ ಇಲ್ಲ ಅಂತ ನಿನ್ನ ಹೆಂಡತಿ ಹೇಳಿದಳು.

ಮೈಯಲ್ಲಿ ಏನಾಗುತ್ತದೆ ಅಂತ ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ, ಅದಕ್ಕೇ ಹೇಳುತ್ತೇನೆ. ಅಪಾಯ ಅಂತ ಮಿದುಳಿಗೆ ಅನ್ನಿಸಿದ ಕೂಡಲೇ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಮೈ ಸಿದ್ಧವಾಗುತ್ತದೆ. ಅದಕ್ಕೇ ಎದೆ ಜೋರಾಗಿ ಬಡಿಯುತ್ತದೆ, ರಕ್ತ ತೊಡೆ ತೋಳುಗಳ ಕಡೆ ಹರಿಯುತ್ತದೆ, ಹೊಟ್ಟೆ ತೊಳಸುತ್ತದೆ, ಬೆವರು ಕಿತ್ತುಕೊಳ್ಳುತ್ತದೆ. ಉಸಿರು ಬೇಗ ಬೇಗ ಎಳೆದುಕೊಂಡಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು, ತುಟಿ ಜುಮ್ಮೆನ್ನುವುದು, ತಲೆ ಹಗುರಾದ ಹಾಗಾಗುವುದು ಅದರಿಂದ. ಅಂದರೆ ಉಸಿರು ಸಾಲದೆ ಹೋಗಿದೆ ಅಂತ ನಿನಗೆ ಅನ್ನಿಸುವ ಹೊತ್ತಿಗೆ ನೀನು ಬೇಕಾದ್ದಕ್ಕಿಂತ ಹೆಚ್ಚೇ ಉಸಿರಾಡುತ್ತಿರುತ್ತೀಯ. ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ. ನಮ್ಮ ತೋಟದ ಪಂಪ್‌ಸೆಟ್ ನೆನಪು ಮಾಡಿಕೋ. ಮೋಟರ್ ಚೆನ್ನಾಗಿದ್ದೂ ಸ್ಟಾರ್ಟರ್ ಸೂಕ್ಷ್ಮವಾಗಿಬಿಟ್ಟು, ಕರೆಂಟು ಸ್ವಲ್ಪ ಅತ್ತಿತ್ತ ಆದರೂ ಟ್ರಿಪ್ ಆಗುತ್ತಿತ್ತಲ್ಲ, ಹಾಗೆ. ಮೋಟರ್ ಬಿಚ್ಚಿ ನೋಡಿದ್ದಾಯಿತು, ಇನ್ನು ಸ್ಟಾರ್ಟರ್ ನೋಡಬೇಕು.

ಎದೆಯ ಬಡಿತಕ್ಕಿಂತ ಅದಕ್ಕೆ ನೀನು ಕೊಟ್ಟುಕೊಳ್ಳುವ ಅರ್ಥವೇ ಇಲ್ಲಿ ದೊಡ್ಡದು. ಡೇವಿಡ್ ಕ್ಲಾರ್ಕ್ ಅನ್ನುವ ಇಲ್ಲಿನ ಮನೋವಿಜ್ಞಾನಿ 1986ರಲ್ಲಿ ಇದನ್ನು ಬಿಡಿಸಿ ಬರೆದರು. ಎದೆ ಸ್ವಲ್ಪ ಜೋರಾಯಿತು, "ಅಯ್ಯೋ, ಹಾರ್ಟ್ ಅಟ್ಯಾಕ್" ಅಂತ ಮನಸ್ಸು ಓದಿಕೊಂಡಿತು, ಆ ಭಯಕ್ಕೆ ಇನ್ನಷ್ಟು ಅಡ್ರಿನಲಿನ್, ಎದೆ ಇನ್ನೂ ಜೋರು, "ನೋಡು, ನಾನಂದುಕೊಂಡಿದ್ದೇ ಸರಿ". ಹೀಗೆ ಸುತ್ತು ತಿರುಗುತ್ತ ಹೋಗುತ್ತದೆ. ಕಾಫಿ ಕುಡಿದದ್ದಕ್ಕೋ ಮೆಟ್ಟಿಲು ಹತ್ತಿದ್ದಕ್ಕೋ ಬಂದ ಬಡಿತವೂ ಈ ಸುತ್ತಿಗೆ ಸಿಕ್ಕಿಬೀಳುತ್ತದೆ.

ನನಗೂ ಇದು ಬಂದಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಈಗ ಹೇಳುತ್ತಿದ್ದೇನೆ, ಅಮ್ಮ ಗಾಬರಿಯಾಗುವುದು ಬೇಡ. ಇಲ್ಲಿ ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗಿಬಿಡುತ್ತಾನೆ. ಅಂಥದೊಂದು ಸಂಜೆ ಕೆಲಸದಿಂದ ಬರುವಾಗ ತುಂಬಿದ ಬಸ್ಸಿನಲ್ಲಿ ಶುರುವಾಯಿತು. ಸತ್ತೇಹೋದೆ ಅಂದುಕೊಂಡೆ. ಆಮೇಲೆ ಬಸ್ಸು ಬಿಟ್ಟು ನಡೆದೇ ಬರತೊಡಗಿದೆ, ಆಮೇಲೆ ದೊಡ್ಡ ಅಂಗಡಿಗೆ ಹೋಗುವುದೂ ನಿಂತಿತು. ಇಂಗ್ಲೆಂಡಿನಲ್ಲಿ ಇದಕ್ಕೆ ಸರ್ಕಾರದ್ದೇ ಉಚಿತ ಸೇವೆ ಇದೆ, ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಅಂತ. 2008ರಲ್ಲಿ ಬೇರೆ ಹೆಸರಿನಿಂದ ಶುರುವಾಗಿ 2023ರಲ್ಲಿ ಈ ಹೆಸರು ಬಂತು. ಅದೇ ಕ್ಲಾರ್ಕ್ ಮತ್ತು ರಿಚರ್ಡ್ ಲೇಯಾರ್ಡ್ ಅನ್ನುವ ಅರ್ಥಶಾಸ್ತ್ರಜ್ಞ ಸೇರಿ ಸರ್ಕಾರವನ್ನು ಒಪ್ಪಿಸಿದ್ದು. ಡಾಕ್ಟರ ಚೀಟಿ ಬೇಡ, ನಾವೇ ಹೆಸರು ಕೊಡಬಹುದು. ನಾನು ಕೊಟ್ಟೆ.

ಆಪ್ತಸಮಾಲೋಚನೆ ಅಂದರೆ ಯಾರೋ ದೊಡ್ಡವರು ಕೂರಿಸಿಕೊಂಡು "ಧೈರ್ಯವಾಗಿರಮ್ಮಾ" ಅಂತ ಬುದ್ಧಿ ಹೇಳುವುದು ಅಂತಲೇ ನಮ್ಮ ಕಡೆ ತಿಳಿವಳಿಕೆ. ಅಲ್ಲಿ ನಡೆದದ್ದು ಬೇರೆ. ಪ್ರತಿ ಸಲವೂ ಮೊದಲು ಏಳು ಪ್ರಶ್ನೆಗಳ ಒಂದು ಹಾಳೆ ತುಂಬಬೇಕು. ಕಳೆದ ಎರಡು ವಾರದಲ್ಲಿ ಎಷ್ಟು ಸಲ ಆತಂಕವಾಯಿತು, ಚಿಂತೆ ನಿಲ್ಲಿಸಲು ಆಗದೆ ಹೋಯಿತು, ಏನೋ ಕೆಟ್ಟದ್ದಾಗುತ್ತದೆ ಅಂತ ಹೆದರಿಕೆಯಾಯಿತು, ಇಂಥವು. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 21. ಜ್ವರ ಅಳೆದು ಬರೆದಿಟ್ಟ ಹಾಗೆ ಆತಂಕವೂ ಏರುವುದು ಇಳಿಯುವುದು ಕಣ್ಣಿಗೆ ಕಂಡಿತು. ಆಮೇಲೆ ನನ್ನ ಬಸ್ಸಿನ ಸಂಜೆಯನ್ನೇ ಹಾಳೆಯ ಮೇಲೆ ಬರೆಸಿದರು: ಮೊದಲು ಮೈಗೆ ಏನಾಯಿತು, ಮನಸ್ಸಿಗೆ ಏನು ಬಂತು, ಏನು ಮಾಡಿದೆ. ಬಾಣ ಹಾಕುತ್ತ ಹೋದ ಹಾಗೆ ಆ ಸುತ್ತು ನನ್ನ ಕೈಬರಹದಲ್ಲೇ ಎದುರಿಗೆ ಬಂತು.

ಮುಂದಿನ ವಾರ ನಿಂತಲ್ಲೇ ಜೋರಾಗಿ ಓಡಿಸಿದರು. ಬೇಕೆಂದೇ ಬೇಗ ಬೇಗ ಉಸಿರಾಡಿಸಿದರು. ಕುರ್ಚಿಯಲ್ಲಿ ಕೂರಿಸಿ ಗಿರಗಿರ ತಿರುಗಿಸಿದರು. ನಾನು ಹೆದರುತ್ತಿದ್ದ ಎದೆ ಬಡಿತ, ಜುಮು ಜುಮು, ತಲೆ ತಿರುಗು, ಎಲ್ಲ ಅದೇ ಕೋಣೆಯಲ್ಲಿ ಬಂದವು. ಏನಾಗಬಹುದು ಅಂತ ಮೊದಲೇ ಬರೆಸಿಕೊಂಡಿದ್ದರು. "ಪ್ರಜ್ಞೆ ತಪ್ಪಿ ಬೀಳುತ್ತೇನೆ" ಅಂತ ಬರೆದಿದ್ದೆ. ಬೀಳಲಿಲ್ಲ. ಅದು ಯಾರೋ ಹೇಳಿದ ಸಮಾಧಾನ ಆಗಿರಲಿಲ್ಲ ತಮ್ಮಾ, ನನ್ನ ಮೈಯೇ ನನಗೆ ಕೊಟ್ಟ ಸಾಕ್ಷಿ. ಆಮೇಲೆ ಬಸ್ಸು. ಮೊದಲು ಒಂದೇ ಸ್ಟಾಪು, ಖಾಲಿ ಹೊತ್ತಿನಲ್ಲಿ. ಆಮೇಲೆ ಎರಡು, ಆಮೇಲೆ ಸಂಜೆಯ ನೂಕುನುಗ್ಗಲು. ಭಯ ಬಂದರೆ ಇಳಿಯುವ ಹಾಗಿಲ್ಲ, ಅದು ತಾನೇ ಇಳಿಯುವವರೆಗೆ ಕೂತಿರಬೇಕು. ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ವರ್ಷಗಟ್ಟಲೆ ಹೋಗಬೇಕಾದ್ದಲ್ಲ ಇದು. ಪ್ಯಾನಿಕ್ ಕಾಯಿಲೆಗೆ ಒಟ್ಟು 7ರಿಂದ 14 ಗಂಟೆಯ ಚಿಕಿತ್ಸೆ ಅಂತ ಇಲ್ಲಿನ ಮಾರ್ಗಸೂಚಿಯಲ್ಲಿದೆ. ಈಗಲೂ ಒಮ್ಮೊಮ್ಮೆ ಎದೆ ಡವಗುಟ್ಟುತ್ತದೆ. ಗುಟ್ಟಲಿ ಅಂತ ಕೆಲಸ ಮುಂದುವರಿಸುತ್ತೇನೆ.

ನಿನ್ನ ವಿಷಯಕ್ಕೆ ಬರುತ್ತೇನೆ. ನೀನು ಈಗ ಏನೇನು ಬಿಟ್ಟಿದ್ದೀಯ ಅಂತ ಒಂದು ಪಟ್ಟಿ ಬರಿ. ಡೈರಿಗೆ ಒಬ್ಬನೇ ಹಾಲು ತೆಗೆದುಕೊಂಡು ಹೋಗುವುದಿಲ್ಲ. ಗಾಡಿ ಓಡಿಸುವುದಿಲ್ಲ. ಚನ್ನರಾಯಪಟ್ಟಣದ ಸಂತೆಗೆ ಹೋಗಿ ತಿಂಗಳಾಯಿತು. ಚಿಕ್ಕವನಿದ್ದಾಗ ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರು ಚಿಲ್ಲರೆ ಮೆಟ್ಟಿಲನ್ನು ನನಗಿಂತ ಮೊದಲು ಓಡಿ ಹತ್ತುತ್ತಿದ್ದವನು, ಈಗ ಅಟ್ಟ ಹತ್ತುವುದಕ್ಕೂ ಹಿಂದೆಮುಂದೆ ನೋಡುತ್ತೀಯ. ಜೇಬಿನಲ್ಲಿ ಸಾರ್ಬಿಟ್ರೇಟ್, ಅಂದರೆ ಹೃದಯದ ಕಾಯಿಲೆಯವರಿಗೆ ಎದೆನೋವಿಗೆ ಕೊಡುವ ಮಾತ್ರೆ, ಇಟ್ಟುಕೊಂಡಿದ್ದೀಯಂತೆ, ಯಾವುದೋ ವಿಡಿಯೊ ನೋಡಿ. ನಿನಗೆ ಅದನ್ನು ಯಾವ ವೈದ್ಯರೂ ಬರೆದುಕೊಟ್ಟಿಲ್ಲ. ಅದು ಬಿಪಿ ಇಳಿಸುತ್ತದೆ, ಅದರಿಂದಲೇ ತಲೆ ಸುತ್ತಿ ಎದೆ ಬಡಿತ ಜಾಸ್ತಿಯಾಗಬಹುದು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅದನ್ನು ತೋರಿಸಿ ಕೇಳು. ಈ ಒಂದೊಂದೂ ಆ ಹೊತ್ತಿಗೆ ನೆಮ್ಮದಿ ಕೊಡುತ್ತದೆ. ಜೊತೆಗೆ, "ಹೋಗಿದ್ದರೆ ಸಾಯುತ್ತಿದ್ದೆ, ಹೋಗದೇ ಉಳಿದೆ" ಅಂತ ಮನಸ್ಸಿಗೆ ಪಾಠ ಹೇಳಿಕೊಡುತ್ತದೆ. ಭಯ ಬೆಳೆಯುವುದು ಈ ಪಾಠದಿಂದ.

ಇನ್ನು ಮುಂದಿನದು ಅಪ್ಪ, ಅಮ್ಮ ಮತ್ತು ನಿನ್ನ ಹೆಂಡತಿಗೆ. ಅಮ್ಮ, ಗಂಟೆಗೊಂದು ಸಲ "ಎದೆ ಹೆಂಗಿದೆ ಮಗಾ" ಅಂತ ಕೇಳುವುದು ನಿಮ್ಮ ಪ್ರೀತಿ. ಅಪ್ಪ ಅವನ ಬದಲು ಡೈರಿಗೆ ಹೋಗುವುದೂ ಪ್ರೀತಿಯೇ. ಆದರೆ ಅವನು ಯಾವುದಕ್ಕೆ ಹೆದರುತ್ತಾನೋ ಅದನ್ನೆಲ್ಲ ನಾವು ದಾರಿಯಿಂದ ಎತ್ತಿಟ್ಟರೆ, ಆ ಹೆದರಿಕೆ ನಿಜವೇ ಇರಬೇಕು ಅಂತ ನಾವೂ ಒಪ್ಪಿದ ಹಾಗಾಗುತ್ತದೆ. "ಏನೂ ಆಗಲ್ಲ" ಅಂತ ಹತ್ತು ಸಲ ಹೇಳಿದರೆ ಹನ್ನೊಂದನೇ ಸಲವೂ ಕೇಳಬೇಕು ಅನ್ನಿಸುತ್ತದೆ. ಹಾಗಂತ ನಾಳೆಯಿಂದಲೇ ಕೈಬಿಟ್ಟುಬಿಡಿ ಅಂತಲ್ಲ. "ಭಯ ಆಗ್ತಿದೆ ಅಂತ ಗೊತ್ತು, ಸ್ವಲ್ಪ ಹೊತ್ತಿಗೆ ಇಳಿಯುತ್ತೆ, ಇಲ್ಲೇ ಇದೀನಿ" ಅಂತ ಒಂದು ಸಲ ಹೇಳಿ ಮಾಡುತ್ತಿದ್ದ ಕೆಲಸ ಮುಂದುವರಿಸಿ. ಯಾವುದನ್ನು ಎಷ್ಟು ನಿಧಾನವಾಗಿ ಬಿಡಬೇಕು ಅಂತ ಸಮಾಲೋಚಕರೇ ನಿಮ್ಮನ್ನೂ ಕೂರಿಸಿಕೊಂಡು ಹೇಳುತ್ತಾರೆ. ದೇವರಿಗೆ ಹರಕೆ ಹೊತ್ತದ್ದು, ದೃಷ್ಟಿ ತೆಗೆದದ್ದು ಇರಲಿ, ನನ್ನದೇನೂ ಅಡ್ಡಿಯಿಲ್ಲ. ಅದರ ಜೊತೆಗೆ ಇದೂ ಆಗಲಿ.

ಒಂದು ಎಚ್ಚರಿಕೆ. ಹೃದಯದ ಪರೀಕ್ಷೆ ಮಾಡಿಸಿದ್ದು ಸರಿಯಾದ ಕೆಲಸವೇ, ಅದು ಮೊದಲು ಆಗಬೇಕಿತ್ತು. ಮುಂದೆಂದಾದರೂ ಎದೆಯ ನಡುವೆ ಹಿಂಡಿದ ಹಾಗೆ ನೋವು ಬಂದು ತೋಳಿಗೋ ದವಡೆಗೋ ಹರಡಿದರೆ, ದುಡಿಯುವಾಗ ಬಂದು ಕೂತಾಗ ಕಡಿಮೆಯಾಗುವ ನೋವಾದರೆ, ಆತಂಕ ಅಂತ ಸುಮ್ಮನಿರಬೇಡ, ಆಸ್ಪತ್ರೆಗೆ ಹೋಗು. ಅಪ್ಪನಿಗೂ ಈ ಮಾತು ಅನ್ವಯಿಸುತ್ತದೆ. ಬಿಪಿ ಮಾತ್ರೆ ತಪ್ಪಿಸುವುದರಲ್ಲಿ ಅವರು ನಿಸ್ಸೀಮರು.

ಎಲ್ಲಿಗೆ ಹೋಗುವುದು ಅಂದರೆ, ಮೊದಲು ಫೋನು ಸಾಕು. 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎದೆ ಬಡಿತ ಶುರುವಾದಾಗಲೂ ಮಾಡಬಹುದು. ಆಮೇಲೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ ಯಾವುದು ಅಂತಲೂ ವಿಚಾರಿಸು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಈ ಕಾರ್ಯಕ್ರಮ ಶುರುವಾದದ್ದು. ನಿಮ್ಹಾನ್ಸ್‌ಗೇ ಹೋಗುತ್ತೀಯಾದರೆ ಅದೂ ಒಳ್ಳೆಯದು. ಖಾಸಗಿಯಾಗಿ ಹೋಗುವುದಾದರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕಿದವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿಯಾಗಿದ್ದಾರಾ ಅಂತ ಕೇಳು, ಕೇಳುವುದರಲ್ಲಿ ಸಂಕೋಚವಿಲ್ಲ. ಮನೋವೈದ್ಯರು ಮಾತ್ರೆ ಬರೆದುಕೊಟ್ಟರೆ ಹೆದರಬೇಡ. ಆತಂಕಕ್ಕೆ ಈಗ ಸಾಮಾನ್ಯವಾಗಿ ಕೊಡುವ ಮಾತ್ರೆಗಳ ಗುಣ ಕಾಣಲು ಕೆಲವು ವಾರ ಬೇಕು, ಅಷ್ಟರಲ್ಲಿ ನೀನೇ ನಿಲ್ಲಿಸಬೇಡ. ಮೆಡಿಕಲ್ ಸ್ಟೋರಿನಲ್ಲಿ ನಿದ್ದೆ ಮಾತ್ರೆ ಕೇಳಿ ತರುವ ಕೆಲಸ ಮಾತ್ರ ಬೇಡ, ಅವು ಅಭ್ಯಾಸವಾಗಿಬಿಡುತ್ತವೆ.

ಊರಲ್ಲಿ ಗೊತ್ತಾದರೆ ಅಂತ ಅಮ್ಮ ಯೋಚಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನೀನು ಅಲ್ಲಿ ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಕರ್ತವ್ಯ. ಕೇಳುವವರು ಕೇಳಿಯೇ ಕೇಳುತ್ತಾರೆ. "ನನ್ನ ಮಗನ ಆರೋಗ್ಯ ತೋರಿಸೋಕೆ ಹೋಗಿದ್ವಿ" ಅಂದರೆ ಸಾಕು, ಅದರಲ್ಲಿ ಸುಳ್ಳೇನಿದೆ?

ಈ ವಾರ ಎರಡು ಕೆಲಸ ಮಾಡು. ಒಂದು, 14416ಕ್ಕೆ ಫೋನು. ಇನ್ನೊಂದು, ಹಾಸನಕ್ಕೆ ಹೋಗುವ ದಿನ ಗೊತ್ತು ಮಾಡಿ ನನಗೆ ತಿಳಿಸು. ಮೊದಲ ಸಲ ಅಪ್ಪ ಜೊತೆಗೆ ಬರಲಿ, ಹೊರಗೆ ಬೆಂಚಿನ ಮೇಲೆ ಕೂತಿರಲಿ. ಒಳಗೆ ನೀನೊಬ್ಬನೇ ಹೋಗು, ರಿಪೋರ್ಟಿನ ಫೈಲು ಒಂದು ಕಡೆ ಇಟ್ಟು, ಗೆಳೆಯ ಹೋದ ದಿನದಿಂದ ಶುರು ಮಾಡಿ ಹೇಳು. ಅವರು ಏನು ಕೇಳಿದರು, ನಿನಗೆ ಹೇಗನ್ನಿಸಿತು ಅಂತ ಬರಿ. ಆ ವೈದ್ಯರು ಹಿಡಿಸದಿದ್ದರೆ ಅದನ್ನೂ ಬರಿ, ಇನ್ನೊಬ್ಬರನ್ನು ಹುಡುಕೋಣ.

ಮಕ್ಕಳಿಗೆ ಮುದ್ದು. ಫೆಬ್ರವರಿಯಲ್ಲಿ ಬರುತ್ತೇನೆ, ಟಿಕೆಟ್ ಆಗಿದೆ.

ನಿನ್ನ ಅಕ್ಕ