ಶಕುನದ ಅಳುಕಿಗೆ ಕಲೆಯ ದಾರಿ

ಮಾನ್ಯರೇ,

ಶಕುನ–ಅಪಶಕುನಗಳ ನಂಬಿಕೆ ಕುರಿತು ಜನರೇ ಮುಟ್ಟಿ, ಮಾಡಿ ನೋಡುವಂಥ ಕಲಾಪ್ರದರ್ಶನವೊಂದು ದಾವಣಗೆರೆಗೆ ಬೇಕಾಗಿದೆ. ಅಮಾವಾಸ್ಯೆಯ ಮರುದಿನ ನಮ್ಮ ಬೀದಿಯ ಕೂಡುರಸ್ತೆಯಲ್ಲಿ ಕುಂಕುಮ ಮೆತ್ತಿದ ಬೂದುಗುಂಬಳದ ಹೋಳು, ಜಜ್ಜಿಹೋದ ನಿಂಬೆಹಣ್ಣು ಬಿದ್ದಿರುತ್ತವೆ. ಬೈಕ್ ಸವಾರರು ಜಾರಿದರೂ ಅದನ್ನು ಬದಿಗೆ ಸರಿಸಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಪೌರಕಾರ್ಮಿಕರು ಬಂದು ಎತ್ತಬೇಕು. ಅವರಿಗೆ ಮಾತ್ರ ದೃಷ್ಟಿ ತಾಗುವುದಿಲ್ಲವೇ?

ವಾಮಾಚಾರ ತಡೆ ಕಾಯ್ದೆ 2020ರಿಂದಲೇ ಜಾರಿಯಲ್ಲಿದೆ. ಮನಸ್ಸಿನೊಳಗಿನ ಅಳುಕನ್ನು ಅದು ಮುಟ್ಟಲಾರದು. ನಮ್ಮೂರಿನ ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಬಾಗಿಲಿಗೆ ನಿಂಬೆ–ಮೆಣಸಿನಕಾಯಿಯ ಸರ ಕಟ್ಟಿ, ಬಿಚ್ಚುವ ಕೆಲಸವನ್ನು ನೋಡುಗರಿಗೇ ಬಿಡಲಿ. ತಮ್ಮ ಮನೆಯ ಶಕುನಗಳನ್ನು ಅವರು ಗೋಡೆಯ ಮೇಲೆ ಬರೆಯಲಿ. ಇದಕ್ಕೆ ಜಿಲ್ಲಾಡಳಿತ ಗಾಜಿನ ಮನೆಯಲ್ಲಿ ಜಾಗ ಕೊಡಲಿ.

– ಓದುಗ, ದಾವಣಗೆರೆ