ಓದುವವರು ಇದ್ದಾರೆ, ಜಾಹೀರಾತಿನ ದರ ಬಿದ್ದಿದೆ

ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದಲ್ಲಿ ವ್ಯಾಪಾರ ತಣ್ಣಗಾಗಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಬಟ್ಟೆ ಅಂಗಡಿಯವರು, ಹೋಟೆಲಿನವರು, ಬಾಡಿಗೆ ಗಾಡಿಯವರು ಎಲ್ಲರ ಕಷ್ಟವೂ ಅದರಲ್ಲಿತ್ತು. ಇನ್ನೊಂದು ಸಣ್ಣ ವ್ಯಾಪಾರ ಇದೆ, ಅದಕ್ಕೆ ಅಂಗಡಿ ಇಲ್ಲ, ಬೋರ್ಡ್ ಇಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕನ್ನಡದಲ್ಲಿ ವೆಬ್‌ಸೈಟ್ ನಡೆಸುವವರದ್ದು.

ನಾನಿರುವುದು ಧಾರವಾಡದ ಸಪ್ತಾಪುರದಲ್ಲಿ. ಇಲ್ಲಿ ಕೋಚಿಂಗ್ ಸೆಂಟರು, ಪಿಜಿ, ಖಾನಾವಳಿ, ಝೆರಾಕ್ಸ್ ಅಂಗಡಿ ಬಿಟ್ಟರೆ ಬೇರೇನೂ ಇಲ್ಲವೇನೋ ಅನ್ನಿಸುತ್ತದೆ. ವಿಜಯಪುರ, ರಾಯಚೂರು, ಕೊಪ್ಪಳ, ಬಾಗಲಕೋಟೆಯಿಂದ ಬಂದ ಹುಡುಗ ಹುಡುಗಿಯರು ಪಿಎಸ್‌ಐ, ಪಿಡಿಒ, ಎಫ್‌ಡಿಎ, ಟಿಇಟಿ ಎಂದು ವರ್ಷಗಟ್ಟಲೆ ಓದುತ್ತಾರೆ. ಇವರಿಗಾಗಿ ಒಂದು ವೆಬ್‌ಸೈಟ್ ನಡೆಸುತ್ತೇನೆ. ದಿನದ ಪ್ರಚಲಿತ ವಿದ್ಯಮಾನ, ಹಳೆಯ ಪ್ರಶ್ನೆಪತ್ರಿಕೆ, ಉತ್ತರದ ಜೊತೆಗೆ ವಿವರಣೆ. ಎಲ್ಲವೂ ಉಚಿತ. ಮನೆಯಿಂದ ಬಂದ ದುಡ್ಡಿನಲ್ಲಿ ಊಟಕ್ಕೂ ಪಿಜಿಗೂ ಲೆಕ್ಕ ಹಾಕುವ ಮಕ್ಕಳ ಹತ್ತಿರ ಹಣ ಕೇಳಲು ಮನಸ್ಸು ಬರಲಿಲ್ಲ. ಪುಟದಲ್ಲಿ ಬರುವ ಜಾಹೀರಾತಿನಿಂದಲೇ ಖರ್ಚು ನಡೆಯುತ್ತಿತ್ತು.

ಮೊದಲು ಸಾವಿರ ಸಲ ಪುಟ ತೆರೆದರೆ 30 ರೂಪಾಯಿ ಬರುತ್ತಿತ್ತು. ಈಗ 12. ತಿಂಗಳಿಗೆ ಸುಮಾರು 6 ಲಕ್ಷ ಸಲ ಪುಟ ತೆರೆಯುತ್ತಾರೆ, ಅದು ಮೊದಲೂ ಅಷ್ಟೇ, ಈಗಲೂ ಅಷ್ಟೇ. ನೀವೇ ಗುಣಿಸಿ ನೋಡಿ. ನಾನು ಸೇರಿರುವ ಜಾಹೀರಾತು ಜಾಲದಲ್ಲಿ 100 ಡಾಲರ್ ತುಂಬುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ, ಹಾಗಾಗಿ ಈಗ ಕೆಲವು ತಿಂಗಳು ಏನೂ ಬರುವುದೇ ಇಲ್ಲ. ಟೈಪಿಂಗ್ ಮಾಡುವ ಹುಡುಗಿಗೆ ಅರ್ಧ ದಿನ ಬಾ ಎಂದು ಹೇಳಬೇಕಾಯಿತು. ಆ ಮಾತು ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಇದು ಹೇಗೆ ಆಗುತ್ತದೆ ಎಂದು ತುಂಬ ಜನ ಕೇಳುತ್ತಾರೆ, ಓದುಗರು ಕಡಿಮೆಯಾಗಿಲ್ಲ ಅಂದ ಮೇಲೆ ಹಣ ಯಾಕೆ ಕಡಿಮೆ ಅಂತ. ನೀವು ಪುಟ ತೆರೆದ ಕೂಡಲೇ, ಕಣ್ಣು ಮಿಟುಕಿಸುವುದರೊಳಗೆ, ಅಲ್ಲಿರುವ ಖಾಲಿ ಜಾಗ ಹರಾಜಾಗುತ್ತದೆ. ಯಾವ ಕಂಪನಿ ಜಾಸ್ತಿ ಕೂಗಿತೋ ಅದರ ಜಾಹೀರಾತು ಕಾಣುತ್ತದೆ. ಕೂಗುವವರು ಕಡಿಮೆಯಾದರೆ ದರ ಇಳಿಯುತ್ತದೆ, ಅಷ್ಟೇ. ಅಮರಗೋಳದ ಎಪಿಎಂಸಿಯಲ್ಲಿ ದರ ಹಿಡಿಸದಿದ್ದರೆ ರೈತ ಮಾಲು ಕೊಡುವುದಿಲ್ಲ ಎನ್ನಬಹುದು, ಚೀಲ ದಲಾಲರ ಹತ್ತಿರ ಇಟ್ಟು ಮುಂದಿನ ವಾರ ನೋಡಬಹುದು. ನಮಗೆ ಅದೂ ಇಲ್ಲ, ಓದಿ ಮುಗಿಸಿದ ಪುಟವನ್ನು ಗೋದಾಮಿನಲ್ಲಿ ಇಡುವುದು ಹೇಗೆ? ಇಷ್ಟಕ್ಕಿಂತ ಕಡಿಮೆಗೆ ಬೇಡ ಎಂದು ಮಿತಿ ಹಾಕಿಯೂ ನೋಡಿದೆ. ಜಾಗ ಖಾಲಿ ಉಳಿಯಿತು.

ವ್ಯಾಪಾರ ಬಿಗಿಯಾದಾಗ ಯಾವ ಕಂಪನಿಯೇ ಆಗಲಿ, ಮೊದಲು ಕೈ ಹಾಕುವುದು ಜಾಹೀರಾತಿನ ಖರ್ಚಿಗೆ. ಬಾಡಿಗೆ ನಿಲ್ಲಿಸಲು ಆಗುವುದಿಲ್ಲ, ಸಂಬಳ ಒಮ್ಮೆಲೇ ನಿಲ್ಲಿಸಲು ಆಗುವುದಿಲ್ಲ. ಪತ್ರಿಕೆಯಲ್ಲಿ ವರ್ಷದ ಒಪ್ಪಂದ ಇರುತ್ತದೆ, ಮುಖ ನೋಡಿ ಮಾತಾಡುವ ಸಂಬಂಧ ಇರುತ್ತದೆ. ವೆಬ್‌ಸೈಟ್ ಜಾಹೀರಾತನ್ನು ಎಲ್ಲೋ ಕೂತು ಒಂದು ಬಟನ್ ಒತ್ತಿ ನಿಲ್ಲಿಸಬಹುದು. ನಮಗೆ ಯಾರೂ ಫೋನ್ ಮಾಡುವುದಿಲ್ಲ, ಮರುದಿನ ಲೆಕ್ಕ ನೋಡಿದಾಗಲೇ ಗೊತ್ತಾಗುವುದು.

2020ರಲ್ಲಿ ಇದನ್ನು ಮೊದಲ ಸಲ ಕಂಡೆ. ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು, ಮಕ್ಕಳೆಲ್ಲ ಊರಿಗೆ ಹೋಗಿ ಫೋನಿನಲ್ಲೇ ಓದಲು ಕೂತರು, ನನ್ನ ಓದುಗರು ದುಪ್ಪಟ್ಟಾದರು, ಹಣ ಅರ್ಧವಾಯಿತು. ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಆರ್ಥಿಕತೆ ಶೇ 23.9ರಷ್ಟು ಕುಸಿಯಿತು ಎಂದು ಸರ್ಕಾರದ ಮೊದಲ ಅಂದಾಜು ಹೇಳಿತ್ತು. ಅದರ ಮೇಲೆ ಇನ್ನೊಂದು ಪೆಟ್ಟು. ಕೊರೊನಾ ಎಂಬ ಪದ ಇರುವ ಪುಟದಲ್ಲಿ ನಮ್ಮ ಜಾಹೀರಾತು ಬೇಡ ಎಂದು ಎಷ್ಟೋ ದೊಡ್ಡ ಕಂಪನಿಗಳು ಹೇಳಿಬಿಟ್ಟಿದ್ದವು. ಪ್ರಚಲಿತ ವಿದ್ಯಮಾನದ ಪುಟದಲ್ಲಿ ಆಗ ಆ ಪದ ಇಲ್ಲದ ದಿನ ಇತ್ತೇ?

ಆಮೇಲೆ ಒಂದೆರಡು ವರ್ಷ ಚೆನ್ನಾಗಿತ್ತು, ಕಲಿಕೆಯ ಆ್ಯಪ್‌ಗಳು ಜಾಹೀರಾತಿಗೆ ನೀರಿನಂತೆ ಹಣ ಸುರಿದವು. ಅದು ಮಾರಾಟದಿಂದ ಬಂದ ಹಣ ಅಲ್ಲ, ಹೂಡಿಕೆದಾರರ ಹಣ ಎಂದು ನನಗೆ ಆಗ ಹೊಳೆಯಲಿಲ್ಲ. 2022ರಿಂದ ಜಗತ್ತಿನೆಲ್ಲೆಡೆ ಬಡ್ಡಿ ಏರಿತು, ನಮ್ಮಲ್ಲೂ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಶೇ 4ರಿಂದ 6.5ಕ್ಕೆ ಒಯ್ದಿತು, ಹೂಡಿಕೆದಾರರ ಆ ಹಣ ನಿಂತಿತು. ಕ್ರಿಕೆಟ್ ತಂಡದ ಜರ್ಸಿ ಮೇಲೆ ಹೆಸರಿದ್ದ ಕಲಿಕೆಯ ಆ್ಯಪ್ ಬೈಜೂಸ್ ವಿರುದ್ಧ ಆ ಪ್ರಾಯೋಜಕತ್ವದ ಬಾಕಿಗಾಗಿಯೇ ಬಿಸಿಸಿಐ ದಿವಾಳಿ ಅರ್ಜಿ ಹಾಕಿದ್ದನ್ನು ನಿಮ್ಮ ಓದುಗರು ಮರೆತಿರಲಿಕ್ಕಿಲ್ಲ. ಅಂಥ ದೊಡ್ಡವರ ಲೆಕ್ಕವೇ ಹೀಗಾದರೆ ಕೆಳಗಿನ ನಮ್ಮಂಥವರ ಪುಟಕ್ಕೆ ಏನು ಉಳಿಯುತ್ತದೆ?

ಹಣ ಕಡಿಮೆಯಾದಾಗ ನಾನು ಒಂದು ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು. ಪುಟಕ್ಕೆ 3 ಇದ್ದ ಜಾಹೀರಾತನ್ನು 7 ಮಾಡಿದೆ. ಮೊದಲ ತಿಂಗಳು ಹಣ ಸ್ವಲ್ಪ ಏರಿತು. ಮೂರನೇ ತಿಂಗಳಿಗೆ ಓದುಗರು ಜಾರತೊಡಗಿದರು. ಸಿಂಧನೂರಿನ ಒಬ್ಬ ಹುಡುಗಿ ಝೆರಾಕ್ಸ್ ಅಂಗಡಿ ಮುಂದೆ ಸಿಕ್ಕು, "ಸರ, ನಿಮ್ಮ ಪೇಜ್ ತೆಗೆದ್ರ ಬರೇ ಆ್ಯಡ್ ಬರ್ತಾವ್ರಿ, ಉತ್ತರ ಎಲ್ಲೈತಿ ಅಂತ ಹುಡುಕಬೇಕಾಗ್ತೈತ್ರಿ" ಅಂದಳು. ಅವಳ ಮಾತು ಸರಿ ಇತ್ತು. ಅವತ್ತು ರಾತ್ರಿಯೇ ನಾಲ್ಕನ್ನೂ ತೆಗೆದೆ, ಹೋದ ಓದುಗರು ನಿಧಾನಕ್ಕೆ ಮರಳಿದರು.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಒಳ್ಳೆಯ ಕಂಪನಿಗಳು ಹಿಂದೆ ಸರಿದಾಗ ಆ ಜಾಗಕ್ಕೆ ಯಾರು ಬರುತ್ತಾರೆ ಗೊತ್ತಾ? ರಮ್ಮಿ ಆಟದವರು ಬರುತ್ತಿದ್ದರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು 2025ರ ಆಗಸ್ಟ್‌ನಲ್ಲಿ ಬರುವ ಎಷ್ಟೋ ಮೊದಲೇ ನಾನು ಅವರನ್ನು ತಡೆದಿದ್ದೆ, ಅದರಿಂದ ಹಣ ಹೋಯಿತು, ಬೇಸರವಿಲ್ಲ. ಈಗ ಬರುವವರು "ಪರೀಕ್ಷೆ ಇಲ್ಲದೆ ಸರ್ಕಾರಿ ನೌಕರಿ" ಎನ್ನುವವರು. ಒಬ್ಬರು ಫೋನ್ ಮಾಡಿ, ಒಂದು ಲಿಂಕ್ ಹಾಕಿದರೆ ತಿಂಗಳಿಗೆ 15 ಸಾವಿರ ಕೊಡುತ್ತೇವೆ ಅಂದರು. ಪಿಎಸ್‌ಐ ಪರೀಕ್ಷೆಯ ಹಗರಣದಲ್ಲಿ ಈ ಮಕ್ಕಳು ಏನು ಅನುಭವಿಸಿದರು ಎಂದು ಕಣ್ಣಾರೆ ಕಂಡಿದ್ದೇನೆ. 2021ರ ಅಕ್ಟೋಬರ್‌ನಲ್ಲಿ ಬರೆದ ಪರೀಕ್ಷೆ ರದ್ದಾಗಿ, ಮತ್ತೆ ಬರೆಯಲು 2024ರ ಜನವರಿ ಬರಬೇಕಾಯಿತು. ಅಂಥವರ ಕಣ್ಣ ಮುಂದೆ ಆ ಲಿಂಕ್ ಹೇಗೆ ಹಾಕಲಿ? ಬೇಡ ಅಂದೆ. ಆದರೆ ಮನೆ ಬಾಡಿಗೆ ಬಾಕಿ ಇರುವ ಇನ್ನೊಬ್ಬರು ಹಾಕಿಬಿಡಬಹುದು.

ಹಾಗಾಗಿ ನಮ್ಮ ಊರಿನ ವ್ಯಾಪಾರಸ್ಥರನ್ನೇ ಕೇಳುತ್ತಿದ್ದೇನೆ. ಕೋಚಿಂಗ್ ಸೆಂಟರಿನವರು, ಪಿಜಿಯವರು, ಪುಸ್ತಕದ ಅಂಗಡಿಯವರು ಫ್ಲೆಕ್ಸ್‌ಗೆ ಖರ್ಚು ಮಾಡುತ್ತೀರಿ, ಫೋನಿನಲ್ಲಿ ಹಣ ಕಟ್ಟಿ ಪೋಸ್ಟ್ ಹರಡಿಸುತ್ತೀರಿ. ಅದರಲ್ಲಿ ಒಂದು ಪಾಲನ್ನು ಇಲ್ಲಿನ ಮಕ್ಕಳು ದಿನಾ ಓದುವ ಕನ್ನಡ ವೆಬ್‌ಸೈಟ್‌ಗಳಿಗೆ ನೇರವಾಗಿ ಕೊಡಿ. ಸುಭಾಷ್ ರಸ್ತೆಯ ಒಬ್ಬ ಪುಸ್ತಕ ವ್ಯಾಪಾರಿ ಒಂದು ವರ್ಷದಿಂದ ತಿಂಗಳಿಗೆ 2,000 ರೂಪಾಯಿ ಕೊಟ್ಟು ಹೊಸ ಪುಸ್ತಕಗಳ ಪಟ್ಟಿ ಹಾಕಿಸುತ್ತಿದ್ದಾರೆ. ದೀಪಾವಳಿಗೂ ಅದೇ ದರ, ಜನವರಿಗೂ ಅದೇ ದರ. ಮಾರಾಟ ಆಗದಿದ್ದರೆ ಫೋನ್ ಮಾಡಿ ಹೇಳುತ್ತಾರೆ, ನಾನು ಪಟ್ಟಿ ಬದಲಿಸುತ್ತೇನೆ. ಎಲ್ಲವೂ ಸುಲಭ ಎಂದು ಹೇಳುತ್ತಿಲ್ಲ, ಒಂದು ಕೋಚಿಂಗ್ ಸೆಂಟರ್ 8 ತಿಂಗಳಿಂದ ಬಾಕಿ ಕೊಟ್ಟಿಲ್ಲ. ಆದರೂ ಅಲ್ಲಿಗೆ ನಡೆದುಕೊಂಡು ಹೋಗಿ ಕೇಳಬಹುದು ಅಲ್ವಾ, ಹರಾಜಿನ ಯಂತ್ರವನ್ನು ಕೇಳಲು ಆಗುವುದಿಲ್ಲ.

ಸರ್ಕಾರಕ್ಕೂ ಒಂದು ಮಾತು. ಕೇಂದ್ರ 2023ರಲ್ಲಿ, ರಾಜ್ಯ 2024ರಲ್ಲಿ ಸರ್ಕಾರಿ ಜಾಹೀರಾತನ್ನು ವೆಬ್‌ಸೈಟ್‌ಗಳಿಗೂ ಕೊಡುವ ಬಗ್ಗೆ ನಿಯಮ ತಂದಿವೆ. ನೇಮಕಾತಿ ಪ್ರಕಟಣೆಗಳನ್ನು ಬೆಳಗ್ಗೆ ಎದ್ದು ಮೊದಲು ಹುಡುಕುವ ಓದುಗರು ನಮ್ಮ ಹತ್ತಿರ ಇದ್ದಾರೆ, ಜಿಲ್ಲೆಯ ಸಣ್ಣ ತಾಣಗಳಿಗೂ ಆ ಜಾಹೀರಾತಿನಲ್ಲಿ ಒಂದು ಪಾಲು ಇಡಿ.

ಯಾವ ಪುಟವನ್ನು ಎಷ್ಟು ಜನ ಓದಿದರು ಎಂಬ ಲೆಕ್ಕವನ್ನು ಯಾರು ಬಂದರೂ ನನ್ನ ಕಂಪ್ಯೂಟರಿನಲ್ಲೇ ತೆರೆದು ತೋರಿಸುತ್ತೇನೆ. ನೋಡಿ, ಎದುರಿಗೆ ಕೂತು ದರ ಮಾತಾಡೋಣ. ಸಂಜೆ 5ರ ನಂತರ ನಾನು ಸಪ್ತಾಪುರದಲ್ಲೇ ಇರುತ್ತೇನೆ.

ಇಂತಿ,
ಪರೀಕ್ಷಾರ್ಥಿಗಳ ವೆಬ್‌ಸೈಟ್ ನಡೆಸುವ ನಿಮ್ಮ ಓದುಗ,
ಸಪ್ತಾಪುರ, ಧಾರವಾಡ